ಬೀಜವರಿಯಿಂದ ಬೀಜ ಮೇಳದವರೆಗೆ: ಒಂದು ಹಿಡಿ ಬೀಜದ ಚರಿತ್ರೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಹಾದಿಯ ಗಾಜನೂರು ಎಂದೊಡನೆ ನಮಗೆ ನೆನಪಾಗುವುದು ತುಂಗಾ ಜಲಾಶಯ. 22 ಬಾಗಿಲುಗಳ, 3.24 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯ ಮುಂಗಾರಿನ ಮೊದಲ ವಾರಗಳಲ್ಲೇ ತುಂಬುವುದುಂಟು. ಬಾಗಿಲು ತೆರೆದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ, ಜನ ನೋಡಲು ಹೋಗುತ್ತಾರೆ. ಅದೇ ದಿನಗಳಲ್ಲಿ ಮಲೆನಾಡಿನ ಮನೆಗಳ ಹಿತ್ತಲಿನಲ್ಲಿ ನಡೆಯುವ ಇನ್ನೊಂದು ಕೆಲಸ ಮಾತ್ರ ಯಾವ ಸುದ್ದಿಯಲ್ಲೂ ಬರುವುದಿಲ್ಲ. "ಅಕ್ಕಾ, ನಿಮ್ಮನೆ ಹೀರೆ ಬೀಜ ನಾಲ್ಕು ಕೊಡ್ತೀರಾ? ನಮ್ಮದು ಹುಳ ಹಿಡಿದು ಹೋಯ್ತು" ಎಂದು ಬೇಲಿಯಾಚೆಯಿಂದ ಕೇಳುವ ದನಿ, ಒಳಗಿನಿಂದ ಬರುವ ಒಂದು ಚಿಕ್ಕ ಪೊಟ್ಟಣ, ಅದರ ಜೊತೆಗೆ ಹೊರಟ ಒಂದು ಬೆಂಡೆ ಬೀಜದ ಕೋಡು.

ಓದುಗರೇ, ಇಂದು ಪಟ್ಟಣಗಳಲ್ಲಿ 'ಸಮುದಾಯ ತೋಟ', 'ಬೀಜ ವಿನಿಮಯ ಮೇಳ' ಎಂಬ ಹೆಸರುಗಳು ಕೇಳಿಬರುತ್ತಿವೆ. ಹೆಸರು ಹೊಸದು, ಕೆಲಸ ಹಳೆಯದು. ಆ ಹಳೆಯ ಕೆಲಸದ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ. ಹಾಗೆ ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ: ಹಣವನ್ನು ಕೂಡಿಟ್ಟರೆ ಉಳಿಯಬಹುದು, ಬೀಜ ಮಾತ್ರ ಹಂಚಿದರೇ ಉಳಿಯುತ್ತದೆ.

ನಮ್ಮ ಹಿರಿಯರು ಭೂಮಿಯನ್ನು ಅಳೆಯುತ್ತಿದ್ದುದೇ ಬೀಜದಿಂದ. ಎಕರೆ, ಗುಂಟೆಗಳು ಬರುವ ಮೊದಲು 'ಇಷ್ಟು ಖಂಡುಗ ಬೀಜವರಿ ಗದ್ದೆ' ಎಂದರೆ ಅಷ್ಟು ಬೀಜ ಬಿತ್ತಲು ಬೇಕಾಗುವ ಭೂಮಿ ಎಂದೇ ಅರ್ಥ. ಹಳೆಯ ದಾನಪತ್ರಗಳಲ್ಲಿ, ಕಡತಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಶಿವಮೊಗ್ಗದ ಅರಮನೆಯನ್ನು ನೋಡಿದವರಿಗೆ ಕೆಳದಿಯ ಶಿವಪ್ಪನಾಯಕನ ಹೆಸರು ಗೊತ್ತು. 1645ರಿಂದ 1660ರವರೆಗೆ ಆಳಿದ ಈ ದೊರೆಯ ಕಂದಾಯ ವ್ಯವಸ್ಥೆಗೆ 'ಶಿಸ್ತು' ಎಂದೇ ಹೆಸರಾಯಿತು. ಪ್ರತಿ ಊರಿನಲ್ಲೂ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಗದ್ದೆಯನ್ನು 12 ವರ್ಷ ಸರಕಾರದ ವತಿಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ಖರ್ಚೆಷ್ಟು, ಬೆಳೆ ಎಷ್ಟು, ಅದರ ಬೆಲೆ ಎಷ್ಟು ಎಂಬ ಲೆಕ್ಕವನ್ನು ಬರೆಸಿದನೆಂದು ಮೈಸೂರು ಗ್ಯಾಸೆಟಿಯರ್ ದಾಖಲಿಸಿದೆ. ನೆಲವನ್ನು 5 ವರ್ಗಗಳಾಗಿ ವಿಂಗಡಿಸಿ, ಸರಾಸರಿ ಉತ್ಪನ್ನದ ಮೂರನೆಯ ಒಂದು ಪಾಲನ್ನು ಸರಕಾರಕ್ಕೆ ಗೊತ್ತುಮಾಡಿದ. ರಾಜ್ಯದ ಬೊಕ್ಕಸದ ಲೆಕ್ಕ ಶುರುವಾಗುತ್ತಿದ್ದುದು ರೈತನ ಬೀಜದ ಬುಟ್ಟಿಯಿಂದ.

ಆದರೆ ಆ ಬುಟ್ಟಿಯಲ್ಲಿದ್ದ ಬೀಜಗಳೆಲ್ಲ ಇಲ್ಲಿಯವೇ ಎಂದು ತಿಳಿಯಬಾರದು. ಇಂದು ನಮ್ಮ ಅಡುಗೆಮನೆಯಲ್ಲಿ ಮೆರೆಯುವ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಸಿಹಿಗೆಣಸು, ಮೆಕ್ಕೆಜೋಳ, ಪರಂಗಿ, ಸೀಬೆ, ಗೋಡಂಬಿ ಎಲ್ಲವೂ ಅಮೆರಿಕ ಖಂಡಗಳ ಮೂಲದವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ನಂತರದ ಕಾಲದಲ್ಲಿ, ಬಹುಪಾಲು ಪೋರ್ಚುಗೀಸರ ಹಡಗುಗಳ ಮೂಲಕ, ಇವು ನಮ್ಮ ಕರಾವಳಿಗೆ ಬಂದವು. ನಮಗೆ ಪರಿಚಯವಿದ್ದ ಖಾರವೆಂದರೆ ಕಾಳುಮೆಣಸು. ಹೊಸ ಕಾಯಿಗೆ ಅದರ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದರು. ಬಂದರಿನಲ್ಲಿ ಇಳಿದ ಬೀಜ ಘಟ್ಟದ ಮೇಲಿನ ಹಿತ್ತಲುಗಳಿಗೆ ಹೇಗೆ ಬಂತು? ಆಗ ಬೀಜ ನಿಗಮವಿರಲಿಲ್ಲ, ಕೃಷಿ ಇಲಾಖೆಯೂ ಇರಲಿಲ್ಲ. ಸಂತೆಗೆ ಹೋದವರು, ಎತ್ತಿನ ಹೇರಿನೊಡನೆ ಘಟ್ಟ ಹತ್ತಿದವರು, ತವರಿನಿಂದ ಗಂಡನ ಮನೆಗೆ ಬಂದ ಹೆಣ್ಣುಮಕ್ಕಳು ಇಂಥ ಬೀಜಗಳನ್ನು ಕೈಯಿಂದ ಕೈಗೆ ದಾಟಿಸಿದ್ದಾರೆ. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳ ಬದನೆಯ ಕಥೆ ನಿಮಗೆ ಗೊತ್ತಿರಬಹುದು. ಅದರ ಬೀಜವನ್ನು ಊರಿನವರಿಗೆ ಕೊಟ್ಟವರು ವಾದಿರಾಜ ಯತಿಗಳೆಂಬುದು ಅಲ್ಲಿನ ಐತಿಹ್ಯ. 2011ರಲ್ಲಿ ಆ ಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಒಂದು ತರಕಾರಿಯ ಹಿರಿಮೆಯನ್ನು ಹೇಳುವಾಗ ಜನ ನೆನೆದದ್ದು ಯಾರು ಬೆಳೆದರು ಎಂಬುದನ್ನಲ್ಲ, ಯಾರು ಕೊಟ್ಟರು ಎಂಬುದನ್ನು.

ಮಲೆನಾಡಿನಲ್ಲಿ ಹಿತ್ತಲ ಬೀಜದ ಹೊಣೆ ಹೆಂಗಸರದೇ ಆಗಿತ್ತು. ಸಾಲಿನ ಮೊದಲ ಒಳ್ಳೆಯ ಕಾಯಿಯನ್ನು ಕೊಯ್ಯದೆ ಬೀಜಕ್ಕೆಂದು ಬಿಡುವುದು, ಒಣಗಿಸಿದ ಬೀಜಕ್ಕೆ ಬೂದಿ ಬೆರೆಸಿ ಸೋರೆ ಬುರುಡೆಯಲ್ಲಿ ತುಂಬುವುದು, ಒಲೆಯ ಮೇಲಿನ ಹೊಗೆ ತಾಗುವ ಅಟ್ಟದಲ್ಲಿ ಇಡುವುದು, ಮೊಗೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಮಾಡಿಗೆ ತೂಗುಹಾಕುವುದು ಇವೆಲ್ಲ ಶಾಲೆಯಲ್ಲಿ ಕಲಿತ ವಿದ್ಯೆಗಳಲ್ಲ. ಬೀಜದಲ್ಲಿನ ತೇವಾಂಶ ಶೇಕಡಾ 1ರಷ್ಟು ಕಡಿಮೆಯಾದರೆ ಅದರ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂದು ಬೀಜ ವಿಜ್ಞಾನ ಹೇಳುತ್ತದೆ. ಹೊಗೆಯ ಅಟ್ಟ ಮಾಡುತ್ತಿದ್ದುದು ಇದೇ ಕೆಲಸವನ್ನು. ಆಶ್ವಯುಜ ಹುಣ್ಣಿಮೆಯಂದು ಬರುವ ಭೂಮಿ ಹುಣ್ಣಿಮೆಯನ್ನು ನೆನೆಯಿರಿ. ಸೊರಬ, ಸಾಗರದ ಕಡೆ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ಬಗೆಬಗೆಯ ಸೊಪ್ಪು, ತರಕಾರಿಗಳನ್ನು ಬೇಯಿಸಿ ಫಲ ಹೊತ್ತ ಭೂಮಿಗೆ ಬಡಿಸುತ್ತಾರೆ. ಹಿತ್ತಲಿನಲ್ಲಿ ಎರಡೇ ಬಗೆ ಇದ್ದರೆ ಆ ಎಡೆ ತುಂಬುವುದಿಲ್ಲ. ಹಬ್ಬವೇ ವೈವಿಧ್ಯವನ್ನು ಕೇಳುತ್ತಿತ್ತು, ನಮ್ಮಲ್ಲಿಲ್ಲದ್ದನ್ನು ನೆರೆಮನೆಯಿಂದ ತರಿಸುತ್ತಿತ್ತು.

ಸ್ವಾತಂತ್ರ್ಯಾನಂತರ ತುಂಗಾ, ಭದ್ರಾ ನದಿಗಳ ನಾಲೆಗಳು ಶಿವಮೊಗ್ಗ, ಭದ್ರಾವತಿಯ ಬಯಲಿನ ಬೇಸಾಯವನ್ನೇ ಬದಲಿಸಿದವು. ನೀರು ಬಂದಲ್ಲಿ ಎರಡನೆಯ ಬೆಳೆ ಬಂತು. 1966ರಲ್ಲಿ ಫಿಲಿಪ್ಪೀನ್ಸ್‌ನಿಂದ ಐ.ಆರ್. 8, 1968ರಲ್ಲಿ ನಮ್ಮದೇ ದೇಶದ 'ಜಯಾ' ಭತ್ತಗಳು ಹೊರಬಂದವು. ಹಸಿವಿನ ಆ ದಿನಗಳಲ್ಲಿ ಈ ತಳಿಗಳು ಮಾಡಿದ ಉಪಕಾರವನ್ನು ಮರೆಯುವುದು ಕೃತಘ್ನತೆ. ಇಂಡೋನೇಷ್ಯಾದ ಒಂದು ಭತ್ತ, ತೈವಾನಿನ ಒಂದು ಗಿಡ್ಡ ಭತ್ತ ಕೂಡಿ ಐ.ಆರ್. 8 ಆಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ರೂಪಿಸಿದರು. ವಿಜ್ಞಾನಿಯೂ ಬೀಜವನ್ನು ಕೇಳಿ ತಂದೇ ಕೆಲಸ ಮಾಡಿದ. ಆದರೆ ಹೊಸ ತಳಿ ಬಂದ ಮೇಲೆ ಹಳೆಯದನ್ನು ಬಿತ್ತುವವರು ಕಡಿಮೆಯಾದರು. ವರದಾ ನದಿಯ ನೆರೆಯಲ್ಲಿ ಮುಳುಗಿ ಎದ್ದುಬರುವ 'ನೆರೆಗುಳಿ', ಅಘನಾಶಿನಿಯ ಉಪ್ಪುನೀರಿನಲ್ಲಿ ಬೆಳೆಯುವ 'ಕಗ್ಗ' ಇಂಥವು ಕೆಲವೇ ಕುಟುಂಬಗಳ ಕೈಗೆ ಬಂದು ನಿಂತವು. ಎಲ್ಲರೂ ಬಿಟ್ಟ ತಳಿಯನ್ನು ಒಬ್ಬರೇ ಉಳಿಸಿಕೊಂಡರೆ ಒಂದು ವರ್ಷದ ಬರ, ಒಂದು ಇಲಿಯ ಕಾಟ, ಒಂದು ಮನೆಯ ಪಾಲು ಸಾಕು, ಅದು ಇಲ್ಲವಾಗಲು.

ಇದರ ಜೊತೆಗೆ ಇನ್ನೊಂದು ಭಯವೂ ಬಂತು. 1991ರ ಡಿಸೆಂಬರಿನಲ್ಲಿ ಗ್ಯಾಟ್ ಸಂಸ್ಥೆಯ ಆರ್ಥರ್ ಡಂಕೆಲ್ ಮಂಡಿಸಿದ ಕರಡು ಒಪ್ಪಂದ ಬೀಜದ ಮೇಲೆ ಕಂಪನಿಗಳಿಗೆ ಹಕ್ಕು ಕೊಡುತ್ತದೆ, ರೈತ ತನ್ನ ಬೀಜವನ್ನು ತಾನೇ ಬಿತ್ತಲಾರದ ಕಾಲ ಬರುತ್ತದೆ ಎಂಬ ಆತಂಕ ಹಳ್ಳಿಗಳಿಗೂ ತಲುಪಿತು. 1980ರಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ರೈತ ಸಂಘಕ್ಕೆ ಶಿವಮೊಗ್ಗ ಜಿಲ್ಲೆಯೇ ತೊಟ್ಟಿಲು, ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಇಲ್ಲಿಯವರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ಆ ಸಂಘ 'ಬೀಜ ಸತ್ಯಾಗ್ರಹ' ಸಾರಿತು. 1992ರ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ಕಾರ್ಯಕರ್ತರು ಕಾಗದಪತ್ರಗಳನ್ನು ಹೊರಗೆಸೆದು ಸುಟ್ಟರು. ಆ ಮಾರ್ಗ ಸರಿಯೇ ಎಂದು ಆಗಲೂ ಚರ್ಚೆಯಾಯಿತು, ಇಂದೂ ಆಗಬಹುದು. ಅವರು ಎತ್ತಿದ ಪ್ರಶ್ನೆ ಮಾತ್ರ ದೇಶವನ್ನೇ ಮುಟ್ಟಿತು.

ಉತ್ತರ ಬಂದದ್ದು 2001ರಲ್ಲಿ. ಆ ವರ್ಷದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೇ ಕಲಮಿನ ಪ್ರಕಾರ ರೈತರು ತಮ್ಮ ಬೆಳೆಯ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು. ನೋಂದಾಯಿತ ತಳಿಯ ಬೀಜವನ್ನು ಹೆಸರು ಹಚ್ಚಿದ ಚೀಲದಲ್ಲಿ ತುಂಬಿ ಮಾರುವಂತಿಲ್ಲ, ಅಷ್ಟೆ. ಈ ಹಕ್ಕಿಗೆ ಪರೀಕ್ಷೆಯೂ ಒದಗಿತು. 2019ರಲ್ಲಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಪೆಪ್ಸಿಕೋ ಕಂಪನಿ ದಾವೆ ಹೂಡಿತು. ದೇಶದಾದ್ಯಂತ ವಿರೋಧ ಎದ್ದ ಮೇಲೆ ಹಿಂತೆಗೆದುಕೊಂಡಿತು. ಬೇಲಿಯಾಚೆ ಕೈ ಚಾಚಿ ಹೀರೆ ಬೀಜ ಕೊಡುವ ಅಕ್ಕನಿಗೆ ತನ್ನ ಹಿಂದೆ ಒಂದು ಕಾಯಿದೆ ನಿಂತಿದೆ ಎಂಬುದು ಗೊತ್ತಿರಲಾರದು. ಆದರೆ ಅದು ನಿಂತಿದೆ.

ಅದೇ 2001ರಲ್ಲಿ ಉತ್ತರ ಕನ್ನಡದ ಶಿರಸಿಯಲ್ಲಿ ಸುನೀತಾ ರಾವ್ ಅವರು ಸ್ಥಳೀಯ ಹೆಣ್ಣುಮಕ್ಕಳೊಡನೆ ಸೇರಿ 'ವನಸ್ತ್ರೀ' ಎಂಬ ಬಳಗ ಕಟ್ಟಿದರು. ಹಿತ್ತಲ ತೋಟ ಮತ್ತು ಬೀಜ ವಿನಿಮಯವೇ ಅದರ ಕೆಲಸ. ಮಳೆಗಾಲಕ್ಕೆ ಮುನ್ನ ನಡೆಯುವ ಅವರ 'ಮಲೆನಾಡ ಮೇಳ'ಕ್ಕೆ ಹೆಂಗಸರು ತಮ್ಮ ಮನೆಯ ಬೀಜ, ಗೆಡ್ಡೆ, ಹೂಗಿಡದ ತುಂಡುಗಳನ್ನು ಹೊತ್ತು ತರುತ್ತಾರೆ, ಬೇರೆಯವರದನ್ನು ಕೇಳಿ ಒಯ್ಯುತ್ತಾರೆ. ಕಾಸರಗೋಡಿನ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿ, 'ರಾಜಕಯಮೆ' ಭತ್ತವನ್ನು ಊರೂರಿಗೆ ಹಂಚಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಕಡಲಾಚೆಯೂ ಇದೇ ಕಥೆ. ಅಮೆರಿಕದ ಡಯಾನ್ ಎಂಬಾಕೆಗೆ ಅಜ್ಜ ಎರಡು ಬೀಜ ಕೊಟ್ಟರು, ಒಂದು ಹೂವಿನದು, ಒಂದು ಟೊಮೆಟೊದ್ದು. ಹಿರಿಯರು ಜರ್ಮನಿಯ ಬವೇರಿಯಾದಿಂದ ತಂದವು. ಆ ಎರಡು ಬೀಜಗಳಿಂದ 1975ರಲ್ಲಿ ಹುಟ್ಟಿದ 'ಸೀಡ್ ಸೇವರ್ಸ್ ಎಕ್ಸ್‌ಚೇಂಜ್' ಇಂದು ಆ ದೇಶದ ದೊಡ್ಡ ಬೀಜ ವಿನಿಮಯ ಬಳಗಗಳಲ್ಲೊಂದು.

ಈಗ ನಿಮ್ಮ ಊರಿನ ಮಾತಿಗೆ ಬರೋಣ. ಗಾಜನೂರಿನಂಥ ಊರಿನಲ್ಲಿ ಇಂಥದೊಂದು ತೋಟ ನಡೆಸಲು ದೊಡ್ಡ ಜಾಗ ಬೇಕಿಲ್ಲ. ಶಾಲೆಯ ಹಿಂಭಾಗದ ಅರ್ಧ ಗುಂಟೆಯೂ ಆದೀತು. ಬೆಳೆದ ಸೊಪ್ಪು ಅಕ್ಷರ ದಾಸೋಹದ ಅಡುಗೆಗೆ ಹೋದೀತು. ಇಂಥ ತೋಟಗಳು ಸೋಲುವುದು ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲಿ. ಆದ್ದರಿಂದ ಮೊದಲ ಸಭೆಯಲ್ಲೇ ತೀರ್ಮಾನವಾಗಬೇಕಾದುದು ಏನು ಬಿತ್ತಬೇಕೆಂಬುದಕ್ಕಿಂತ ಏಪ್ರಿಲ್, ಮೇ ತಿಂಗಳಲ್ಲಿ ಯಾವ ದಿನ ಯಾರು ನೀರು ಹಾಕಬೇಕೆಂಬುದು. ಎರಡನೆಯದು, ಪ್ರತಿ ಪಾತಿಯಲ್ಲೂ ಬೀಜಕ್ಕೆ ಬಿಟ್ಟ ಕಾಯಿಗೆ ಒಂದು ಬಣ್ಣದ ದಾರ ಕಟ್ಟಿರಲಿ. ಇಲ್ಲವಾದರೆ ಅದು ಯಾರದೋ ಸಾರಿಗೆ ಹೋಗುತ್ತದೆ.

ಬೀಜ ವಿನಿಮಯಕ್ಕೆ ಮೇ ತಿಂಗಳ ಕೊನೆಯ ಒಂದು ಭಾನುವಾರ ಸಾಕು. ಬರುವವರು ತರುವ ಪೊಟ್ಟಣದ ಮೇಲೆ ನಾಲ್ಕು ಸಂಗತಿ ಬರೆದಿರಲಿ: ಬೀಜದ ಹೆಸರು, ಯಾವ ಊರಿನದು, ಯಾವ ವರ್ಷದ್ದು, ಯಾವ ತಿಂಗಳಲ್ಲಿ ಬಿತ್ತಬೇಕು. ಒಂದು ವಾರ ಮೊದಲು 10 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಐದಕ್ಕಿಂತ ಕಡಿಮೆ ಮೊಳೆತರೆ ಹಂಚಬೇಡಿ. ಅವರೆ, ಹುರುಳಿಯಂಥವು ಬಹುಮಟ್ಟಿಗೆ ತಮ್ಮ ಹೂವಿನಲ್ಲೇ ಪರಾಗ ಪಡೆಯುತ್ತವೆ. ತಳಿ ಕೆಡುವ ಭಯ ಕಡಿಮೆ. ಸೋರೆ, ಹೀರೆ, ಸೌತೆ, ಕುಂಬಳಗಳನ್ನು ಮಾತ್ರ ಜೇನು, ದುಂಬಿಗಳು ಬೆರೆಸುತ್ತವೆ. ಒಂದೇ ಜಾತಿಯ ಎರಡು ತಳಿಗಳನ್ನು ಅಕ್ಕಪಕ್ಕ ಬೆಳೆದು ಬೀಜ ಹಿಡಿಯಬೇಡಿ. ಕಹಿಯಾದ ಸೋರೆಯನ್ನಂತೂ ತಿನ್ನಲೂ ಬಾರದು, ಅದರ ಬೀಜವನ್ನು ಕೊಡಲೂ ಬಾರದು. ಆ ಕಹಿ ವಿಷವಾದೀತು. ಹಣದ ವ್ಯವಹಾರ ಬೇಡ. ಬರಿಗೈಯಲ್ಲಿ ಬಂದವರಿಗೂ ಬೀಜ ಕೊಡಿ. ಮುಂದಿನ ವರ್ಷ ಒಂದು ಹಿಡಿಗೆ ಎರಡು ಹಿಡಿ ತಂದುಕೊಡಲಿ ಎಂದು ಹೇಳಿ, ಪುಸ್ತಕದಲ್ಲಿ ಬರೆದುಕೊಳ್ಳಿ.

ಆ ಪುಸ್ತಕವೇ ಮುಖ್ಯ. ದೆಹಲಿಯಲ್ಲಿ 1976ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಶೀತಲ ಕೋಣೆಗಳಲ್ಲಿ ಲಕ್ಷಗಟ್ಟಲೆ ಮಾದರಿಗಳು ಭದ್ರವಾಗಿವೆ; ಅದು ಅಗತ್ಯವೇ. ಆದರೆ ಅಲ್ಲಿ ಮಲಗಿರುವ ಬೀಜ ನಿಮ್ಮೂರಿನ ಈ ವರ್ಷದ ಮಳೆಯನ್ನು ಕಾಣುವುದಿಲ್ಲ. ಪ್ರತಿ ವರ್ಷ ಬಿತ್ತಿದ ಬೀಜ ಮಾತ್ರ ಊರಿನ ಮಣ್ಣಿಗೆ, ಮಳೆಗೆ, ಹುಳಕ್ಕೆ ಒಗ್ಗುತ್ತಾ ಹೋಗುತ್ತದೆ. ಶಿವಪ್ಪನಾಯಕನ ಶ್ಯಾನುಭೋಗರು ಎಷ್ಟು ಬೀಜ ಬಿತ್ತಿದರೆಂದು 12 ವರ್ಷ ಬರೆದರು. ನಿಮ್ಮ ಪುಸ್ತಕದಲ್ಲಿ ಇನ್ನೊಂದು ಅಂಕಣ ಹೆಚ್ಚಿರಲಿ: ಈ ಬೀಜ ಈಗ ಎಷ್ಟು ಮನೆಗಳಲ್ಲಿದೆ? ಆ ಅಂಕಣದಲ್ಲಿ ಎಲ್ಲಾದರೂ '1' ಎಂದು ಕಂಡರೆ, ಈ ಮಳೆಗಾಲದಲ್ಲಿ ಮೊದಲು ಹೋಗಿ ಬಾಗಿಲು ತಟ್ಟಬೇಕಾದ ಮನೆ ಅದೇ.