ಕತ್ತಿ ಯಾರು ಕೊಟ್ಟದ್ದು?

ಚಾಮರಾಜಪೇಟೆಯಿಂದ ಕೋಟೆಯ ದಿಕ್ಕಿಗೆ ಹೊರಟರೆ, ಕಲಾಸಿಪಾಳ್ಯದ ಬಸ್ಸು ಲಾರಿಗಳ ಗದ್ದಲದ ನಡುವೆ ಟಿಪ್ಪುವಿನ ಕಾಲದ ಆಯುಧಾಗಾರವೊಂದು ಉಳಿದುಕೊಂಡಿದೆ. ದಪ್ಪ ಗೋಡೆಯ, ಅಲಂಕಾರದ ಗೊಡವೆಯಿಲ್ಲದ ಕಟ್ಟಡ. ಮದ್ದು ನೆನೆಯಬಾರದು, ಕಿಡಿ ತಾಕಬಾರದು ಎಂಬುದರಾಚೆಗೆ ಅದನ್ನು ಕಟ್ಟಿದವರು ಏನನ್ನೂ ಯೋಚಿಸಿದಂತಿಲ್ಲ. ಅದೇ ಸುಲ್ತಾನನ ಮಲಗುವ ಕೋಣೆಯಲ್ಲಿ ಸಿಕ್ಕಿದ್ದೆನ್ನಲಾದ ಕತ್ತಿ 2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಎರಡೂ ಒಬ್ಬನೇ ದೊರೆಯ ಯುದ್ಧಸಾಮಗ್ರಿ. ಯುದ್ಧಕ್ಕೆ ನಿಜವಾಗಿ ಒದಗಿದ್ದು ಉಗ್ರಾಣದ ಮದ್ದು, ಮಂಚದ ಬದಿಯ ಕತ್ತಿಯಲ್ಲ. ಆದರೂ ಜಗತ್ತು ಬೆಲೆ ಕಟ್ಟಿದ್ದು ಕತ್ತಿಗೆ. ಚಿನ್ನದ ಕೆಲಸವಿತ್ತು, ಹೆಸರಾಂತ ಒಡೆಯನಿದ್ದ ಎಂದುಬಿಡಬಹುದು. ಅದು ಅರ್ಧ ಉತ್ತರ. ಆಯುಧ ಅಂತಸ್ತಿನ ಗುರುತಾಗುವುದಕ್ಕೆ ಹರಿತ ಸಾಲದು, ಚಿನ್ನವೂ ಸಾಲದು. ಅದನ್ನು ಹಿಡಿಯಲು ಕೊಟ್ಟವರು ಯಾರು, ಯಾರ ಅಪ್ಪಣೆಯಿಂದ ಅದು ಆ ಕೈಯಲ್ಲಿದೆ ಎಂಬುದೇ ಮುಖ್ಯ ಎಂದು ನನ್ನ ವಾದ. ಬೆಂಗಳೂರಿನ ಚರಿತ್ರೆಯಲ್ಲಿ ಇದಕ್ಕೆ ಸಾಕಷ್ಟು ಸಾಕ್ಷ್ಯವಿದೆ.

ತೀರ ಹಳೆಯ ಸಾಕ್ಷ್ಯ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಗೂರಿನಿಂದ ತಂದ ಆ ವೀರಗಲ್ಲು ಗಂಗರ ಕಾಲದ್ದು. ಕುದುರೆ, ಬಿಲ್ಲು, ಕತ್ತಿ, ಕೆಳಗೆ ಬಿದ್ದ ಹೆಣಗಳೆಲ್ಲ ಕಿಕ್ಕಿರಿದ ಕಾಳಗದ ಚಿತ್ರ ಅದರ ಮೇಲಿದೆ. ನೋಡಲು ಹೋದವರು ಚಿತ್ರದಲ್ಲೇ ಮುಳುಗುತ್ತಾರೆ, ಅದು ಸಹಜ. ಆದರೆ ಶಾಸನದ ಮಾತು ಇನ್ನೂ ಸ್ವಾರಸ್ಯದ್ದು. ಗಂಗದೊರೆ ಎರೆಯಪ್ಪನ ಅಪ್ಪಣೆಯಂತೆ ನಾಗತ್ತರನೆಂಬ ವೀರ ತುಂಬೆಪಾಡಿಯಲ್ಲಿ ಹೋರಾಡಿ ಸತ್ತ. ಆ ಸುದ್ದಿ ಕೇಳಿದ ಎರೆಯಪ್ಪ ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಊರುಗಳ ಗುಂಪನ್ನು ಕಲ್ನಾಡಾಗಿ, ಎಂದರೆ ವೀರನ ಸಲುವಾಗಿ ಬಿಟ್ಟ ನೆಲವಾಗಿ, ಕೊಟ್ಟ. ಶಾಸನ ನಾಗತ್ತರನ ಕತ್ತಿ ಎಂಥದಿತ್ತೆಂದು ವರ್ಣಿಸುತ್ತ ಕೂರುವುದಿಲ್ಲ. ಯಾರು ಕಳಿಸಿದ, ಯಾರು ಸತ್ತ, ಯಾರಿಗೆ ಪಟ್ಟ, ಎಷ್ಟು ಊರು ಎಂಬುದಷ್ಟೇ ಅದಕ್ಕೆ ಬೇಕಾದದ್ದು. ಶೌರ್ಯ ಸತ್ತವನದು, ಅದನ್ನು ಪಟ್ಟವಾಗಿ ಮಾರ್ಪಡಿಸಿ ಇನ್ನೊಬ್ಬನ ಹಣೆಗೆ ಕಟ್ಟುವ ಅಧಿಕಾರ ಮೇಲಿನವನದು.

ಊರಿಗೆ ಊರೇ ಹೀಗೆ ಕೈ ಬದಲಾಯಿಸಿದ್ದುಂಟು. ಕೆಂಪೇಗೌಡರ ವಂಶದ ಕೈತಪ್ಪಿದ ಬೆಂಗಳೂರು 1638ರ ದಂಡಯಾತ್ರೆಯ ನಂತರ ಬಿಜಾಪುರದ ಸುಲ್ತಾನನಿಂದ ಶಹಾಜಿ ಭೋಂಸ್ಲೆಗೆ ಜಹಗೀರಾಯಿತು. ನೂರಿಪ್ಪತ್ತು ವರ್ಷಗಳ ಬಳಿಕ ಮೈಸೂರು ಅರಸರಿಂದ ಹೈದರಾಲಿಗೂ ಜಹಗೀರಾಗಿಯೇ ಬಂತು. ಇಬ್ಬರೂ ಕತ್ತಿ ಹಿಡಿದು ಮೇಲೆ ಬಂದವರೇ, ಆದರೆ ಇಬ್ಬರ ಹಕ್ಕೂ ಯಾರೋ ಕೊಟ್ಟದ್ದಾಗಿತ್ತು. ಈ ನಡುವೆ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿ ತೆತ್ತು ಬೆಂಗಳೂರನ್ನು ಪಡೆದರೆಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಅಷ್ಟು ದೊಡ್ಡ ಊರು ಹಣಕ್ಕೆ ಬಂದ ಈ ಸಂಗತಿಯನ್ನು ಯಾವ ಭಾಗವತರೂ ಹಾಡಿ ಹೊಗಳಿದಂತೆ ಕಾಣೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಲೂಟಿ ಮಾಡಿದ ಆಯುಧಕ್ಕೆ ಅಪ್ಪಣೆ ಎಲ್ಲಿಯದು? ಗೆದ್ದವನು ಸೋತವನ ಕತ್ತಿ ಕಿತ್ತುಕೊಳ್ಳುತ್ತಾನೆ, ಅದೇ ಅವನ ಕೀರ್ತಿ, ಕೊಡುವವರಾರೂ ಬೇಕಿಲ್ಲವಲ್ಲ? ಇದಕ್ಕೆ ಉತ್ತರ 1799ರ ಮೇ 4ರ ಶ್ರೀರಂಗಪಟ್ಟಣದಲ್ಲೇ ಇದೆ. ಕೋಟೆ ಬಿದ್ದ ರಾತ್ರಿ ಸಿಪಾಯಿಗಳು ದೋಚಿದ್ದಕ್ಕೆ ಲೆಕ್ಕವಿಲ್ಲ. ಹಾಗೆ ಹೋದ ಎಷ್ಟೋ ಆಯುಧ ಒಡವೆಗಳು ಹೆಸರಿಲ್ಲದೆ ಕರಗಿಹೋದವು. ಮಲಗುವ ಕೋಣೆಯ ಕತ್ತಿಯ ಕಥೆ ಬೇರೆ. ಆಕ್ರಮಣದ ಮುಂದಾಳಾಗಿದ್ದ ಡೇವಿಡ್ ಬೇರ್ಡ್‌ಗೆ ಸೇನೆ ಅದನ್ನು ಗೌರವದ ಕಾಣಿಕೆಯಾಗಿ ಒಪ್ಪಿಸಿತು. ಈ ಬೇರ್ಡ್ ಹಿಂದೆ ಹೈದರ್ ಮತ್ತು ಟಿಪ್ಪುವಿನ ಸೆರೆಯಾಳಾಗಿ ಅದೇ ಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಮೇಲ್ಪಟ್ಟು ಕೊಳೆತಿದ್ದವನು. ಸುಮ್ಮನೆ ಜೇಬಿಗಿಳಿಸಿದ್ದರೆ ಅದು ಲೂಟಿಯೇ. ಸಮಾನರು, ಮೇಲಿನವರು ಸೇರಿ ಕೈಗಿತ್ತದ್ದರಿಂದ ಮನೆತನದ ಮರ್ಯಾದೆಯಾಯಿತು. ಗೆದ್ದವರಿಗೂ ಕೊಡುವವರೊಬ್ಬರು ಬೇಕೇ ಆಯಿತು. ಆ ಕತ್ತಿ ನಮ್ಮ ನೆಲದಿಂದ ಹೋದದ್ದು ನ್ಯಾಯವೇ ಎಂಬುದು ಬೇರೆ ಪ್ರಶ್ನೆ. ಸೇನೆಯ ಸಮಾರಂಭದಿಂದ ಲೂಟಿ ದಾನವಾಗಿಬಿಡುವುದಿಲ್ಲ.

ಅಪ್ಪಣೆಯನ್ನು ಕಾನೂನಿನ ಪುಸ್ತಕಕ್ಕೆ ಇಳಿಸಿದವರು ಬ್ರಿಟಿಷರು. 1878ರ ಶಸ್ತ್ರಾಸ್ತ್ರ ಕಾಯಿದೆ ಸಾಮಾನ್ಯ ಭಾರತೀಯನಿಗೆ ಪರವಾನಗಿಯ ಕಟ್ಟು ಹಾಕಿತು. ಯುರೋಪಿಯನ್ನರಿಗೂ ಆಯ್ದ ಗಣ್ಯರಿಗೂ ವಿನಾಯಿತಿ ಕೊಟ್ಟಿತು. ಬಂದೂಕು ಗುಂಡು ಹಾರಿಸುವುದಕ್ಕಿಂತ ಹೆಚ್ಚಾಗಿ, ಅದರ ಒಡೆಯನನ್ನು ಸರ್ಕಾರ ನಂಬಿದೆ ಎಂದು ಸಾರುವ ವಸ್ತುವಾಯಿತು. ಆ ಅವಮಾನ ಎಷ್ಟು ನಾಟಿತ್ತೆಂದರೆ, 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. ಸಂವಿಧಾನ ಬರೆಯುವ ಹೊತ್ತಿಗೆ ಅದು ಬಿಟ್ಟುಹೋಯಿತು. ಪರವಾನಗಿ ಕೊಡುವ ಕುರ್ಚಿಯಲ್ಲಿ ಈಗ ನಾವೇ ಕೂತಿದ್ದೆವಲ್ಲ!

ಇದೇ ಕಾಲದಲ್ಲಿ ಹುಟ್ಟಿದವು ನಮ್ಮ ಹಳೆಯ ಬಡಾವಣೆಗಳು. ಚಾಮರಾಜಪೇಟೆ 1892ರಲ್ಲಿ, ಬಸವನಗುಡಿ ಮತ್ತು ಮಲ್ಲೇಶ್ವರ 1898ರ ಪ್ಲೇಗಿನ ಆಸುಪಾಸಿನಲ್ಲಿ. ಇಲ್ಲಿ ಮನೆ ಕಟ್ಟಿದವರಲ್ಲಿ ವಕೀಲರು, ಮೇಷ್ಟ್ರುಗಳು, ಹುಜೂರಿನ ಅಧಿಕಾರಿಗಳು ಹೆಚ್ಚು. ಜರಿಪೇಟ, ಮುಚ್ಚುಕೋಟು ಇದ್ದೀತು. ಸೊಂಟದಲ್ಲಿ ಕತ್ತಿ ಇರಲಿಲ್ಲ. ಹಾಗಾದರೆ ಈ ಚರ್ಚೆಗೂ ಈ ಬೀದಿಗಳಿಗೂ ಏನು ನಂಟು ಎಂದು ಕೇಳಬಹುದು. ನಂಟಿದೆ. ಕತ್ತಿ ಕೊಡುತ್ತಿದ್ದ ಅದೇ ಅರಮನೆ ಈಗ ಬಿರುದು ಕೊಡತೊಡಗಿತ್ತು. ಬಿ.ಎಂ. ಶ್ರೀಕಂಠಯ್ಯನವರಿಗೆ 1938ರಲ್ಲಿ, ಮುಂದೆ ಗವೀಪುರದಲ್ಲಿ ಬಾಳಿದ ಮಾಸ್ತಿಯವರಿಗೆ 1942ರಲ್ಲಿ ರಾಜಸೇವಾಸಕ್ತ ಎಂಬ ಬಿರುದು ಬಂತು. ಒಬ್ಬರು ಇಂಗ್ಲಿಷ್ ಪಾಠ ಹೇಳಿದವರು, ಇನ್ನೊಬ್ಬರು ಸರ್ಕಾರಿ ಕೆಲಸ ಮಾಡಿ ಕಥೆ ಬರೆದವರು. ಇರುಗನಿಗೆ ನಾಗತ್ತರನ ಪಟ್ಟ ಕಟ್ಟಿದ ರೀತಿಗೂ ಇದಕ್ಕೂ ಒಡಲಿನಲ್ಲಿ ವ್ಯತ್ಯಾಸವಿಲ್ಲ. ಆಯುಧ ಕಳಚಿ ಬಿದ್ದರೂ ಗೌರವ ಹಾಗೇ ನಿಂತಿತು, ಏಕೆಂದರೆ ಕೊಡುವ ಕೈ ಬದಲಾಗಿರಲಿಲ್ಲ.

ಇದೆಲ್ಲ ಅರಸರ, ಗಣ್ಯರ ಮಾತಾಯಿತು, ಬೆಂಗಳೂರು ಕರಗದ ವೀರಕುಮಾರರನ್ನು ಎಲ್ಲಿಡುತ್ತೀರಿ ಎಂದರೆ ಅದು ನನ್ನ ವಾದಕ್ಕೆ ಬೀಳುವ ಗಟ್ಟಿ ಪೆಟ್ಟು. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಚೈತ್ರ ಪೌರ್ಣಮಿಯ ರಾತ್ರಿ ಕರಗ ಹೊರಟಾಗ ಬಿಚ್ಚುಗತ್ತಿ ಹಿಡಿದು ಕಾಯುವವರು ತಲೆತಲಾಂತರದಿಂದ ತೋಟಗಾರಿಕೆ ಮಾಡಿಕೊಂಡು ಬಂದ ತಿಗಳರು. ಅವರಿಗೆ ಯಾವ ಸುಲ್ತಾನನೂ ಜಹಗೀರು ಬರೆದುಕೊಟ್ಟಿಲ್ಲ. ಎದೆಗೆ ಕತ್ತಿ ತಾಕಿಸಿಕೊಳ್ಳುವ ಅಲಗು ಸೇವೆಯಲ್ಲಿ ಕಾಣುವ ಗತ್ತು ಯಾವ ದರ್ಬಾರಿಗೂ ಕಡಿಮೆಯದಲ್ಲ. ಆದರೆ ಅಂಗಡಿಯಿಂದ ಕತ್ತಿ ತಂದ ಮಾತ್ರಕ್ಕೆ ಯಾರೂ ವೀರಕುಮಾರ ಆಗುವುದಿಲ್ಲ. ದೀಕ್ಷೆ ಬೇಕು, ಕುಲದ ಮತ್ತು ಗುಡಿಯ ಒಪ್ಪಿಗೆ ಬೇಕು, ವ್ರತ ನಡೆಸಬೇಕು. ಕರಗ ಹೊತ್ತವನು ಎಡವಿ ಕರಗ ಬಿದ್ದರೆ ಅವನನ್ನು ಕತ್ತರಿಸಿ ತಾವೂ ಪ್ರಾಣ ಬಿಡಬೇಕೆಂಬುದು ನಂಬಿಕೆ. ಹೀಗಾಗಿ ಆ ಕತ್ತಿ ಹಕ್ಕಿಗಿಂತ ಹೆಚ್ಚಾಗಿ ಹೊಣೆ. ಅಪ್ಪಣೆ ಕೊಡುವ ಜಾಗದಲ್ಲಿ ಅರಸನ ಬದಲು ಕರಗದ ದೇವತೆಯಾದ ದ್ರೌಪದಿಯಿದ್ದಾಳೆ, ಅಷ್ಟೇ. ಆದರೂ ಒಂದನ್ನು ಒಪ್ಪಬೇಕು: ಅರಸು ಮನೆತನಗಳು ತಮ್ಮದೊಂದೇ ಎಂದುಕೊಂಡಿದ್ದ ಗೌರವದ ಈ ವ್ಯಾಕರಣವನ್ನು ಸೊಪ್ಪು ಹೂವು ಬೆಳೆಯುವವರೂ ಅಷ್ಟೇ ಚೆನ್ನಾಗಿ ಬಲ್ಲವರಾಗಿದ್ದರು.

ಮೈಸೂರಿನ ಪಟ್ಟದ ಕತ್ತಿ ಇದನ್ನು ಇನ್ನೊಂದು ಬದಿಯಿಂದ ತೋರಿಸುತ್ತದೆ. 1971ರ ತಿದ್ದುಪಡಿ ರಾಜರ ಮಾನ್ಯತೆಯನ್ನೂ ರಾಜಧನವನ್ನೂ ತೆಗೆದುಹಾಕಿತು. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡ ಮೇಲೆ ಮುಂದಿನ ದಸರಾಕ್ಕೆ ಸಿಂಹಾಸನದಲ್ಲಿ ಕೂರುವವರೇ ಇರಲಿಲ್ಲ. ಆಗ ಖಾಸಗಿ ದರ್ಬಾರಿನಲ್ಲಿ ಸಿಂಹಾಸನದ ಮೇಲಿಟ್ಟದ್ದು ಪಟ್ಟದ ಕತ್ತಿಯನ್ನು. ರಾಜನಿಲ್ಲದೆಯೂ ಕತ್ತಿ ಗೌರವ ಪಡೆಯಿತಲ್ಲ, ಇನ್ನೆಲ್ಲಿಯ ಅಪ್ಪಣೆ ಎನ್ನುವವರುಂಟು. ನನಗೆ ಕಾಣುವುದು ಬೇರೆ. ಅಲ್ಲಿ ಕತ್ತಿಯೇ ಕೊಡುವ ಸ್ಥಾನದ ಗುರುತು; ವ್ಯಕ್ತಿ ಖಾಲಿಯಾದರೂ ಸ್ಥಾನ ಖಾಲಿಯಾಗಿಲ್ಲ ಎಂದು ಹೇಳಲು ಅದನ್ನು ಇಡಲಾಯಿತು. ಕಾನೂನಿನ ಕಣ್ಣಿಗೆ ಅದು ಒಂದು ಮನೆತನದ ಸ್ವತ್ತು, ಸಂಪ್ರದಾಯದ ಕಣ್ಣಿಗೆ ಮಾತ್ರ ಸಿಂಹಾಸನದ ಅರ್ಧಭಾಗ.

ಹಣದಿಂದ ಈ ಗೌರವ ಬರುತ್ತದೆಯೇ ಎಂಬುದಕ್ಕೆ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಪ್ರಸಂಗಕ್ಕಿಂತ ಸ್ಪಷ್ಟ ಪರೀಕ್ಷೆ ಸಿಗಲಾರದು. 2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನದೆನ್ನುವ ಕತ್ತಿಯೊಂದನ್ನು ಅವರು ಸುಮಾರು ಒಂದೂವರೆ ಕೋಟಿ ರೂಪಾಯಿಗೆ ಕೊಂಡರು. ಚುನಾವಣೆಯ ಹೊತ್ತಿನಲ್ಲಿ, 2004ರಲ್ಲಿ, ಅದನ್ನು ಬಹಿರಂಗಪಡಿಸಿದರು. ಊರು ಚಪ್ಪಾಳೆ ತಟ್ಟಿತು. ಮತ ಕೊಡಲಿಲ್ಲ, ಪಟ್ಟವನ್ನೂ ಕಟ್ಟಲಿಲ್ಲ. ಮನೆಯವರು ಅಶುಭವೆಂದು ಭಾವಿಸಿದ್ದರಿಂದ 2016ರಲ್ಲೇ ಅದನ್ನು ಕೊಟ್ಟುಬಿಟ್ಟರೆಂಬ ಸಂಗತಿ 2018ರಲ್ಲಿ ಆಸ್ತಿ ಮೊಕದ್ದಮೆಯ ವೇಳೆ ಹೊರಬಿತ್ತು. ಕತ್ತಿಯ ದೋಷವಲ್ಲ ಅದು. ರಸೀದಿ ಒಡೆತನ ತೋರಿಸುತ್ತದೆ, ಅರ್ಹತೆಯನ್ನು ತೋರಿಸುವುದಿಲ್ಲ. ಇದನ್ನು ನಮ್ಮ ರಾಜಕಾರಣಿಗಳು ಚೆನ್ನಾಗಿ ಅರಿತಿದ್ದಾರೆ. ಸಮಾವೇಶದ ವೇದಿಕೆಯಲ್ಲಿ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಬೆಳ್ಳಿ ಖಡ್ಗವನ್ನೋ ಗದೆಯನ್ನೋ ಕೊಡುವಾಗ ಅದರ ಖರ್ಚನ್ನು ಒಳಗಿಂದ ಯಾರು ಕೊಟ್ಟರೂ, ಕೊಡುವ ಕೈ ಕಾರ್ಯಕರ್ತರದ್ದಾಗಿರಲೇಬೇಕು. ಹಿಂದೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದ ಖಡ್ಗ ಈಗ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಪ್ರಜಾಪ್ರಭುತ್ವದಲ್ಲಿ ಪಟ್ಟ ಕಟ್ಟುವವರು ಯಾರೆಂದು ಆ ಒರೆಯೊಳಗಿನ ಮೊಂಡು ಖಡ್ಗಕ್ಕೂ ಗೊತ್ತು. ಸರ್ಕಾರವಂತೂ ತೀರಿಹೋದವರಿಗೂ ಕೊಟ್ಟಿದೆ: 2022ರ ನವೆಂಬರ್ 11ರಂದು ವಿಮಾನ ನಿಲ್ದಾಣದಲ್ಲಿ ಅನಾವರಣಗೊಂಡ 108 ಅಡಿಯ ಕೆಂಪೇಗೌಡರ ಪ್ರತಿಮೆಯ ಕತ್ತಿಯ ತೂಕ 4 ಟನ್.

ಬ್ರಿಟಿಷರ ಕಾಲದ ಆಯುಧ ಪರವಾನಗಿಯ ವಿನಾಯಿತಿಗಳ ಮಾತಿಗೆ ಮರಳಿದರೆ, ಇಂದಿಗೂ ಬದುಕಿರುವ ವಿನಾಯಿತಿ ಎಂದರೆ ಕೊಡಗಿನದು. ಹಾಲೇರಿ ಅರಸರ ಕಾಲದಲ್ಲಿ ಸೈನ್ಯದ ಸೇವೆಗೆ ಪ್ರತಿಯಾಗಿ ಕೊಡುತ್ತಿದ್ದ ಜಮ್ಮಾ ಭೂಮಿ, ಅದರ ಜೊತೆಗಿನ ಆಯುಧ. ಚಿಕವೀರರಾಜೇಂದ್ರನನ್ನು 1834ರಲ್ಲಿ ಇಳಿಸಿದ ಬ್ರಿಟಿಷರು ಅರಸನನ್ನು ಕಳಿಸಿದರೇ ಹೊರತು ಆ ಅಪ್ಪಣೆಯನ್ನು ಅಳಿಸಲಿಲ್ಲ; 1861ರಲ್ಲಿ ಅದನ್ನೇ ವಿನಾಯಿತಿಯಾಗಿ ಬರೆದರು. ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕು, ಒಡಿಕತ್ತಿಗಳಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ; ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಬೆಂಗಳೂರಿನ ಕೊಡವ ಮದುವೆಗಳಲ್ಲೂ ಬಾಳೆದಿಂಡು ಕಡಿಯುವ ಶಾಸ್ತ್ರಕ್ಕೆ ಒಡಿಕತ್ತಿ ಬೇಕು. ಜನಾಂಗದ ಹೆಸರಿನಲ್ಲಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧ ಎಂಬ ಆಕ್ಷೇಪ ಹೈಕೋರ್ಟಿನವರೆಗೆ ಹೋಯಿತು, ಅದು ಹಗುರವಾದ ಆಕ್ಷೇಪವಲ್ಲ. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಅದು ಷರತ್ತಿಗೆ ಒಳಪಟ್ಟದ್ದು, ಗೊತ್ತಾದ ಅವಧಿಯದ್ದು ಎಂಬುದನ್ನೂ ಗಮನಿಸಿತು. ಉಳಿದ ಅರಸೊತ್ತಿಗೆಯ ಗುರುತುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಇಲ್ಲಿ ಆಯುಧದ ಗೌರವ ಒಬ್ಬ ಯಜಮಾನನಿಗೆ ಸೀಮಿತವಾಗದೆ ಕುಟುಂಬದ ಮೂಲಮನೆಯಾದ ಐನ್‌ಮನೆಯ ಎಲ್ಲರಿಗೂ, ಕೊಡವರಲ್ಲದ ಜಮ್ಮಾ ಹಿಡುವಳಿದಾರರಿಗೂ ಹರಡಿಕೊಂಡಿದೆ. ಕೊಡುವವರು ಮಾತ್ರ ಮಡಿಕೇರಿಯಿಂದ ಬಹಳ ದೂರದಲ್ಲಿದ್ದಾರೆ. ದೆಹಲಿಯ ಗೃಹ ಸಚಿವಾಲಯ 2019ರಲ್ಲಿ ಹೊರಡಿಸಿದ ಅಧಿಸೂಚನೆಯ ಅವಧಿ 2029ರ ಅಕ್ಟೋಬರಿಗೆ ಮುಗಿಯುತ್ತದೆ.