ಬೋರ್ಡಿನಲ್ಲಿ ಉಳಿದ ದಂಡು

ಬೆಂಗಳೂರಿನ ಇನ್‌ಫೆಂಟ್ರಿ ರಸ್ತೆಗೆ ಭಗವಾನ್ ಮಹಾವೀರ ರಸ್ತೆ ಅಂತ ಹೆಸರಿಟ್ಟು ಎಷ್ಟೋ ವರ್ಷವಾಯ್ತು. ಅಂಗಡಿ ಬೋರ್ಡುಗಳ ವಿಳಾಸದಲ್ಲಿ ಇನ್ನೂ ಇನ್‌ಫೆಂಟ್ರಿ ಉಳಿದಿದೆ. ಅಂದ್ರೆ ಕಾಲ್ದಳ. ಈಗಿನ ಕಾಮರಾಜ ರಸ್ತೆ ಹಿಂದೆ ಕ್ಯಾವಲ್ರಿ ರಸ್ತೆ, ಕುದುರೆ ದಳದ್ದು. ಪೆರೇಡ್ ಮೈದಾನದ ದಕ್ಷಿಣಕ್ಕಿದ್ದ ಸೌತ್ ಪೆರೇಡೇ ಇವತ್ತಿನ ಎಂ.ಜಿ. ರಸ್ತೆ.

ಈ ದಂಡು ಬೆಂಗಳೂರಿಗೆ ಬಂದದ್ದು ಎಲ್ಲಿಂದ ಗೊತ್ತಾ? ನಮ್ಮ ಶ್ರೀರಂಗಪಟ್ಟಣದಿಂದ! ಆ ಪಟ್ಟಣ ಹಿಡಿಯೋಕೆ 1791ರ ಮೇ ತಿಂಗಳಲ್ಲೇ ಕಾರ್ನ್‌ವಾಲಿಸ್ ಬಂದಿದ್ದ. ನಮ್ಮೂರು ಅರಕೆರೆ ಹತ್ತಿರ ಕಾಳಗವೂ ಆಯ್ತು. ಆದರೆ ಫಿರಂಗಿ ಎಳೆಯುವ ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ವಾಪಸ್ ಹೋದ. ಕೊನೆಗೆ 1799ರ ಮೇ 4ರಂದು ಟಿಪ್ಪು ಮಡಿದು, ಕೋಟೆ ಬ್ರಿಟಿಷರ ಪಾಲಾಯ್ತು. ಪಡೆ ಅಲ್ಲೇ ಬೀಡುಬಿಟ್ಟಿತು. ಕೋಟೆ ಗೆದ್ದವರನ್ನು ಜ್ವರ ಸೋಲಿಸಿತು. ಸೊಳ್ಳೆಯೇ ಮಲೇರಿಯಾ ತರೋದು ಅಂತ ಆಗಿನ್ನೂ ಗೊತ್ತಿರಲಿಲ್ಲ. ಸಾವು ನೋಡಲಾರದೆ 1809ರಲ್ಲಿ ದಂಡನ್ನು ತಂಪು ಹವೆಯ ಬೆಂಗಳೂರಿಗೆ ಸಾಗಿಸಿದರು. ಕಾಲ್ದಳ, ಕುದುರೆ ದಳ ಇದ್ದ ಕಡೆಗಳು ಹಾಗೇ ಬೀದಿಯ ಹೆಸರುಗಳಾದವು.

ಹೆಸರು ಬದಲಿಸೋದು ತಪ್ಪು ಅಂತ ನಾನು ಹೇಳಲ್ಲ. ಹೊಸ ಬೋರ್ಡಿನ ಕೆಳಗೆ ಹಳೆಯ ಹೆಸರನ್ನೂ ಸಣ್ಣಕ್ಷರದಲ್ಲಿ ಬರೆಸಲಿ. ಇಲ್ಲದಿದ್ರೆ ನಮ್ಮ ಹೊಳೆದಂಡೆಯ ಜ್ವರಕ್ಕೂ ಬೆಂಗಳೂರಿನ ಬೀದಿಗೂ ಇರೋ ನಂಟನ್ನು ಮುಂದೆ ಹೇಳೋರು ಯಾರು?