ತಕ್ಕೋಲದ ಜಯವು ಯಾರಿಗೆ ಸಲ್ಲತಕ್ಕುದು?

ಕ್ರಿ. ಶ. ೯೪೯ರಲ್ಲಿ, ಈಗಿನ ಅರಕ್ಕೋಣದ ಸಮೀಪದಲ್ಲಿರುವ ತಕ್ಕೋಲವೆಂಬ ಊರಿನಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನಿಗೂ ಚೋಳ ಪರಾಂತಕನ ಮಗನಾದ ರಾಜಾದಿತ್ಯನಿಗೂ ಘೋರಯುದ್ಧವಾಯಿತು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು. ತೊಂಡೈಮಂಡಲವು ಕನ್ನರದೇವನ ಕೈಸೇರಿತು. ಇಷ್ಟರಲ್ಲಿ ವಿವಾದವಿಲ್ಲ. ಆದರೆ ರಾಷ್ಟ್ರಕೂಟರ ಸೇನೆಯೂ ಗಂಗರ ಸೇನೆಯೂ ಒಂದಾಗಿ ಕಾದಿದ ಈ ಯುದ್ಧದಲ್ಲಿ ಜಯದ ಕೀರ್ತಿಯು ಯಾರದೆಂಬ ವಿಷಯದಲ್ಲಿ ಶಾಸನಗಳು ಒಂದೇ ಮಾತನ್ನು ಹೇಳುವುದಿಲ್ಲ. ಅವುಗಳ ಬಲಾಬಲವನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲನೆಯದು ಚಕ್ರವರ್ತಿಯ ಪಕ್ಷ. ಉಗಾರ ಬುದ್ರುಕದ ಪ್ರಾಂತದಲ್ಲಿ ಹರಿಯುವ ಕೃಷ್ಣಾನದಿಯ ಮೇಲ್ದಡದಲ್ಲಿ ಕರಾಡವೆಂಬ ಊರುಂಟು. ಇದೇ ಪ್ರಾಚೀನ ಕರಹಾಟ. ಅಲ್ಲಿಯ ಹೆಸರಿನಿಂದ ಪ್ರಸಿದ್ಧವಾದ ತಾಮ್ರಪಟವನ್ನು ಕೃಷ್ಣನು ೯೫೯ರಲ್ಲಿ ಮೇಲ್ಪಾಡಿಯ ಬೀಡಿನಲ್ಲಿದ್ದಾಗ ಕೊಟ್ಟನು. ದಕ್ಷಿಣದಿಕ್ಕನ್ನು ಗೆಲ್ಲುವ ಸಂಕಲ್ಪದಿಂದ ಚೋಳಕುಲವನ್ನು ಬೇರುಸಹಿತ ಕಿತ್ತು, ಆ ನೆಲವನ್ನು ತನ್ನ ಭೃತ್ಯರಿಗೆ ಹಂಚಿ, ರಾಮೇಶ್ವರದಲ್ಲಿ ಕೀರ್ತಿಸ್ತಂಭವನ್ನು ನೆಡಿಸಿದವನು ಕೃಷ್ಣನೇ ಎಂಬುದು ಅದರ ತಾತ್ಪರ್ಯ. ತಮಿಳುನಾಡಿನ ಶಾಸನಗಳು ಅವನನ್ನು ಕಂಚಿ ತಂಜೆಗಳನ್ನು ಕೊಂಡ ಕನ್ನರದೇವನೆಂದು ಕರೆಯುವುದೂ ಈ ಪಕ್ಷಕ್ಕೆ ಪೋಷಕವಾಗಿದೆ.

ಎರಡನೆಯದು ಗಂಗರ ಪಕ್ಷ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿರುವ ಶಿಲಾಶಾಸನವು ಶಕವರ್ಷ ೮೭೨ನೆಯ ಸೌಮ್ಯ ಸಂವತ್ಸರದ್ದು. ಅಂದರೆ ಯುದ್ಧಕ್ಕೆ ಸಮಕಾಲೀನವಾದುದು. ಕನ್ನರದೇವನು ಚೋಳನೊಡನೆ ಕಾದುತ್ತಿದ್ದಾಗ ರಾಜಾದಿತ್ಯನನ್ನು ಸುರಗಿಯಿಂದ ಇರಿದು ಕೊಂದವನು ಗಂಗರ ಬೂತುಗನೆಂದು ಅದು ಹೆಸರಿಸಿಯೇ ಹೇಳುತ್ತದೆ. ಇದರಿಂದ ಸಂತುಷ್ಟನಾದ ಕೃಷ್ಣನು ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಇವುಗಳನ್ನು ಬೂತುಗನಿಗೆ ಮೆಚ್ಚಿ ಕೊಟ್ಟನು.

ಈ ವಾಕ್ಯವೇ ಬೂತುಗನಿಗೆ ಬಹುಕಾಲ ಅಪಕೀರ್ತಿಯನ್ನು ತಂದಿತೆಂಬುದು ಸೋಜಿಗದ ಸಂಗತಿ. ಜೆ. ಎಫ್. ಫ್ಲೀಟರು ಮೊದಲು ಮಾಡಿದ ಅರ್ಥದಂತೆ ಬೂತುಗನು ರಾಜಾದಿತ್ಯನನ್ನು ವಂಚನೆಯಿಂದ ಇರಿದು ಕೊಂದನು. ಪಾಠವು ಪರಿಷ್ಕೃತವಾದ ಮೇಲೆ ಅಲ್ಲಿ ಕಳ್ಳತನದ ಮಾತೇ ಇಲ್ಲವೆಂದೂ, ‘ಬಿಸುಗೆ’ ಎಂದರೆ ಆನೆಯ ಮೇಲಣ ಪೀಠವೆಂದೂ, ‘ಕಳ’ ಎಂದರೆ ಕಾಳಗದ ಕಣವೆಂದೂ, ಅಂಬಾರಿಯನ್ನೇ ರಣರಂಗವಾಗಿ ಮಾಡಿಕೊಂಡು ಇರಿದನೆಂದೂ ಅರ್ಥವು ಸ್ಥಿರಪಟ್ಟಿತು. ಪದವಿಭಾಗವೊಂದು ತಪ್ಪಿದುದರಿಂದ, ಶತ್ರುವಿನ ಆನೆಯನ್ನೇರಿ ಕೈಗೆ ಕೈ ಹತ್ತಿ ಕಾದಿದ ವೀರನು ವಂಚಕನೆನಿಸಿದನು. ಹಳಗನ್ನಡವನ್ನು ಬೋಧಿಸುವವರು ಈ ದೃಷ್ಟಾಂತವನ್ನು ಮರೆಯತಕ್ಕುದಲ್ಲ.

ಮೂರನೆಯದು ಸೋತವರ ಪಕ್ಷ. ಲೈಡನ್ನಿನ ಹೆಸರಿನಿಂದ ಪ್ರಸಿದ್ಧವಾದ ಚೋಳರ ದೊಡ್ಡ ತಾಮ್ರಪಟವು, ರಾಜಾದಿತ್ಯನು ಅಕ್ಷೋಭ್ಯನಾದ ಕೃಷ್ಣರಾಜನನ್ನು ಕದಡಿ, ಗಜಾರೂಢನಾಗಿದ್ದಂತೆಯೇ ಶತ್ರುವಿನ ತೀಕ್ಷ್ಣಬಾಣಗಳಿಂದ ಎದೆ ಬಿರಿದು ವೀರಸ್ವರ್ಗವನ್ನು ಸೇರಿದನೆಂದು ವರ್ಣಿಸುತ್ತದೆ. ಇಲ್ಲಿ ಬೂತುಗನ ಹೆಸರಿಲ್ಲ, ಸುರಗಿಯೂ ಇಲ್ಲ. ಆದರೆ ಈ ಪಟವು ಯುದ್ಧವಾಗಿ ಅರ್ಧಶತಮಾನಕ್ಕೂ ಹೆಚ್ಚುಕಾಲ ಕಳೆದ ಮೇಲೆ ಬರೆಯಲ್ಪಟ್ಟುದು. ಮೃತನ ವಂಶದವರ ಪ್ರಶಸ್ತಿಕಾರನಿಗೆ, ಚಕ್ರವರ್ತಿಯ ಬಾಣಕ್ಕೆ ಎದೆಯೊಡ್ಡಿದ ಮರಣವು ಸಾಮಂತನೊಬ್ಬನ ಸುರಗಿಗೆ ಸಿಕ್ಕಿದ ಮರಣಕ್ಕಿಂತ ಶ್ಲಾಘ್ಯವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆನೆಯ ಮೇಲೆ ಸತ್ತನೆಂಬ ಅಂಶದಲ್ಲಿ ಮಾತ್ರ ಎರಡು ಪಕ್ಷಗಳೂ ಕೂಡುತ್ತವೆ. ಇದು ಆತಕೂರಿನ ಪರಿಷ್ಕೃತ ಪಾಠಕ್ಕೆ ಶತ್ರುಪಕ್ಷದಿಂದಲೇ ದೊರೆತ ಬೆಂಬಲವು.

ಹಾಗಾದರೆ ಕರಾಡದ ಪಟವು ಸುಳ್ಳೆನ್ನಬೇಕೆ? ಬೇಕಾಗಿಲ್ಲ. ಯೋಗಸೂತ್ರದ ವ್ಯಾಸಭಾಷ್ಯದಲ್ಲಿ ಒಂದು ಪ್ರಸಿದ್ಧ ದೃಷ್ಟಾಂತವುಂಟು: ಜಯಪರಾಜಯಗಳು ವಸ್ತುತಃ ಯೋಧರಲ್ಲಿದ್ದರೂ ಅವರ ಸ್ವಾಮಿಯಲ್ಲಿ ವ್ಯವಹರಿಸಲ್ಪಡುತ್ತವೆ, ಫಲವನ್ನು ಅನುಭವಿಸುವವನು ಅವನಾದುದರಿಂದ. ವೈಯಾಕರಣರೂ ಕ್ರಿಯೆಯನ್ನು ಮಾಡುವವನನ್ನಲ್ಲದೆ ಮಾಡಿಸುವವನನ್ನೂ ಕರ್ತೃವೆಂದೇ ಅಂಗೀಕರಿಸುತ್ತಾರೆ. ಕೃಷ್ಣನು ಪ್ರಯೋಜಕಕರ್ತೃ; ಬೂತುಗನು ಇರಿದ ಕರ್ತೃ. ಆದರೆ ಉಪಚಾರದಿಂದ ಸ್ವಾಮಿಗೆ ಸಂದ ಜಯವು ಯೋಧನಲ್ಲಿದ್ದ ಜಯವನ್ನು ಅಳಿಸಲಾರದೆಂಬುದನ್ನೂ ಅದೇ ದೃಷ್ಟಾಂತದಿಂದ ಗ್ರಹಿಸಬೇಕು.

ಗಂಗರ ಮಾತನ್ನೂ ಪರೀಕ್ಷಿಸದೆ ಒಪ್ಪಲಾಗದು. ೯೭೫ರ ಹೆಬ್ಬಾಳದ ಶಾಸನವು, ಕೃಷ್ಣನ ತಂದೆಯಾದ ಅಮೋಘವರ್ಷನು ಮಗಳು ರೇವಕನಿಮ್ಮಡಿಯನ್ನು ಬೂತುಗನಿಗೆ ಕೊಟ್ಟಾಗಲೇ ಪುಲಿಗೆರೆ, ಬೆಳ್ವೊಲ, ಕಿಸುಕಾಡು, ಬಾಗೆ ಈ ನಾಲ್ಕು ನಾಡುಗಳನ್ನು ಬಳುವಳಿಯಾಗಿ ಕೊಟ್ಟನೆಂದು ಹೇಳುತ್ತದೆ. ಎರಡನ್ನೂ ಪ್ರಮಾಣವೆಂದು ಹಿಡಿದರೆ, ಯುದ್ಧಾನಂತರ ಹೊಸದಾಗಿ ಬಂದುದು ಬನವಾಸಿಯೊಂದೇ. ಉಳಿದವು ಸ್ಥಿರಪಡಿಸಲ್ಪಟ್ಟವೆಂದು ತಿಳಿಯಬೇಕಾಗುತ್ತದೆ. ಬೂತುಗನು ಕೃಷ್ಣನ ಭಾವನೂ ಹೌದು, ರಾಚಮಲ್ಲನನ್ನು ಕೊಂದು ಗಂಗವಾಡಿಯನ್ನು ಪಡೆದವನೂ ಹೌದು. ಆ ರಾಜ್ಯವು ತನ್ನ ಅನುಗ್ರಹವೆಂಬಂತೆ, ವಿಷವೃಕ್ಷವನ್ನು ಕಿತ್ತು ಬೂತುಗನನ್ನು ನೆಟ್ಟೆನೆಂದು ಕೃಷ್ಣನ ೯೪೦ರ ದೇವಳಿಯ ತಾಮ್ರಪಟವು ಹೇಳಿಕೊಂಡಿದೆ. ಆದುದರಿಂದ ಕೊಡುಗೆಯ ಗಾತ್ರವನ್ನು ನೋಡಿಯೇ ಶೌರ್ಯವನ್ನು ಅಳೆಯುವುದು ಯುಕ್ತವಲ್ಲ. ಆದರೂ ೧೨೦೦೦ದ ಬನವಾಸಿಯು ಅಲ್ಪವಸ್ತುವಲ್ಲ. ರಣದಲ್ಲಿ ಅಸಾಧಾರಣವಾದುದೊಂದು ನಡೆಯದೆ ಅದು ಕೈಬಿಟ್ಟುಹೋಗುತ್ತಿರಲಿಲ್ಲ.

ಇನ್ನೊಬ್ಬನ ಪಾಲು ಉಳಿದಿದೆ. ಚೋಳನ ಚತುರಂಗಬಲವನ್ನು ಎದುರಿಸಲು ಇತರರು ಹಿಂಜರಿದಾಗ ಮುಂದೆ ನಿಂತು ಇರಿದವನು ಬೂತುಗನ ಆಳಾದ ಸಗರವಂಶದ ಮಣಲೆರನೆಂದು ಅದೇ ಕಲ್ಲು ಹೇಳುತ್ತದೆ. ಬೂತುಗನು ಮೆಚ್ಚಿ ಬೇಡಿಕೊಳ್ಳೆಂದಾಗ ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿಯು ಬೆಳತೂರ ಬೆಟ್ಟದಲ್ಲಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೆರನು ಆತುಕೂರಿನ ಚಲ್ಲೇಶ್ವರದ ಮುಂದೆ ಕಲ್ಲನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟನು. ಪೂಜೆಮಾಡದೆ ಉಣ್ಣುವ ಗೊರವನಿಗೆ ನಾಯಿಯ ಪಾಪವನ್ನೂ ವಿಧಿಸಿದನು. ಆತುಕೂರು ೧೨ ಅವನಿಗೆ ದೊರೆತ ಭೂಮಿಯಲ್ಲಿ ಒಂದು.

ಆದುದರಿಂದ ಫಲಿತಾರ್ಥವಿದು. ದಂಡಯಾತ್ರೆಯ ಸಂಕಲ್ಪವೂ ಫಲವೂ ಕೃಷ್ಣನವು. ಯುದ್ಧದ ಗತಿಯನ್ನು ನಿರ್ಣಯಿಸಿದ ಇರಿತವು ಬೂತುಗನದು. ಆ ಇರಿತಕ್ಕೆ ಎಡೆಮಾಡಿದ ಮುಂಗಾಳಗದಲ್ಲಿ ಮಣಲೆರನಿಗೆ ಪಾಲುಂಟು. ಚಕ್ರವರ್ತಿಯ ತಾಮ್ರಪಟವು ತನ್ನೊಡೆಯನೊಬ್ಬನನ್ನೇ ಕಂಡಿತು. ಆತಕೂರಿನ ಕಲ್ಲಿನಲ್ಲಿ ಮೂವರ ಹೆಸರೂ ಕ್ರಮವಾಗಿ ಉಳಿದಿವೆ. ಆದರೆ ಅದರ ಮೇಲೆ ಕೆತ್ತಿರುವ ಚಿತ್ರವು ತಕ್ಕೋಲದ ಕಾಳಗದ್ದಲ್ಲ, ನಾಯಿ ಹಂದಿಗಳ ಕಾಳಗದ್ದು.